ಅರವತ್ತಾರರಾಗ ಐವತ್ತೆಂಟು

ಕ್ಯಾಂಪಿನ ಡೊಮ್ನಿಕ್ ಕೊಟ್ಟ ಕ್ಯಾಸೆಟ್ಟು.
ಝೆರಾಕ್ಸಿನ ಕವರು, ಮಸಿ ಮೆತ್ತಿದಂಥ ಕಾಡು,
ಮೂಲ್ಯಾಗ ಪೆನ್ನಿಲೆ ಬರದ ನಂಬರು:
ಅರವತ್ತಾರರಾಗ ಐವತ್ತೆಂಟು.

ಯಾವ ಹಿಮದೂರಿನವನೋ, ಒಬ್ಬನಽ ಅಂತ.
ಡ್ರಮ್ಮೂ ಅವಂದು, ಗಿಟಾರೂ ಅವಂದು,
ಗಂಟಲಾಗ ಗರಗಸ.

‘ಏನಂತಾನೋ ಅವ?’
ರೊಟ್ಟಿ ಬಡಿಯೂತ ಕೇಳಿದಳು ಅಕ್ಕ.
ನನಗೇನು ಗೊತ್ತು.
ತಿಳೀಬಾರದು ಅಂತನಽ ಒದರತಾನ.

ಬಸ್ಸಿನ್ಯಾಗ ನಾನು
ಉ... ಉ... ಅನ್ನೂದ್ರಾಗ
‘ಉದ್ಯಮಬಾಗ?’ ಅಂತ ತಾನಽ ಟಿಕೆಟ್ ಹರೀತಾನ ಕಂಡಕ್ಟರ್.
ಒಳ್ಳೇ ಮನಶ್ಯಾ.
ಅದಽ ಸುಡತೈತಿ.

ಫೌಂಡ್ರಿ ಛಲೋ.
ಭಟ್ಟಿ ಬಾಯಿ ತಗದರ
ಸಾಹುಕಾರಂದೂ ಕೈಸನ್ನಿ, ನಂದೂ ಕೈಸನ್ನಿ.
ಕರಗಿದ ಕಬ್ಬಿಣ ಯಾರ ಹೆಸರೂ ಕೇಳೂದಿಲ್ಲ.

ರಾತ್ರಿ ಪಾಳಿ ಬಿಟ್ಟು
ಖಾನಾಪುರ ರೋಡಿನ ಗುಂಟ ನಡೀತೇನಿ,
ಕಿವಿಯೊಳಗ ಟೇಪು.
ಉಸುಕು ಇನ್ನೂ ಹಲ್ಲಾಗ ಕರಕರ.

ಎರಡನೇ ಮಗ್ಗಲ, ಮೂರನೇ ಹಾಡು.
ಒದರೂತ ಒದರೂತ
ನಡುವ ಒಮ್ಮೆ ತಡೀತಾನ ಅವ,
ಕೆಮ್ಮತಾನ,
ಶಬ್ದ ಸಿಗಲಾರದಂಗ ಒಂದೀಟು ಸುಮ್ಮನಾಗತಾನ.
ತಗದು ಒಗೀಬಹುದಿತ್ತು ಅದನ್ನ.
ಬಿಟ್ಟಾನ, ಹಂಗಽ.

ನಾ ಕಾಯೂದು ಆ ಕೆಮ್ಮಿಗೆ.
ಅದು ಬರೂದ್ರಾಗ
ಮೂರನೇ ರೈಲ್ವೆ ಗೇಟು ಬಂದಿರತೈತಿ,
ಹೆಗಲು ಎರಡೂ ಕೆಳಗಿಳದಿರತಾವ.