ಕುರಿ ೨೧೭

ಡಂಡೀಯಲ್ಲಿ ಇವತ್ತು ಕಡಲಮಂಜು.
ಟೇ ನದಿಯ ರೈಲುಸೇತುವೆ ಅರ್ಧಕ್ಕೇ ಮುಗಿದಿದೆ.
ಮೈನಸ್ ಎಂಬತ್ತರ ಫ್ರೀಜರಿನಿಂದ
ಕೊನೆಯ ಸೀಸೆ ತೆಗೆದೆ, ಕಿರುಬೆರಳ ತುದಿಯಷ್ಟು.
ಮುಚ್ಚಳದ ಮೇಲೆ ಎಫಿ ರೆನ್ನಿಯ ಓರೆ ಬರಹ:
ಕುರಿ ೨೧೭, ಮೂರನೇ ರಕ್ತ.

ಜೀವಕೋಶದ ಹೊಸ್ತಿಲಿಗೆ ಸುದ್ದಿ ಬಂದರೆ
ಒಳಗೊಂದು ಪ್ರೋಟೀನು ಎದ್ದು ಓಡುತ್ತದೆ,
ಬೆಳೆ ಎಂದೋ, ಸಾಕು ಎಂದೋ ಹೇಳಿಬರಲು.
ಓಡುವ ಮುಂಚೆ ಅದಕ್ಕೊಂದು ಬೊಟ್ಟು,
ಫಾಸ್ಫೇಟಿನ ಚುಕ್ಕೆ.
ಮಲಗಿದ್ದಕ್ಕೂ ಎದ್ದದ್ದಕ್ಕೂ ಅಷ್ಟೇ ವ್ಯತ್ಯಾಸ.
ಈ ಸೀಸೆಯಲ್ಲಿರುವುದು
ಆ ಬೊಟ್ಟನ್ನಷ್ಟೇ ಬಲ್ಲ ಕಣ್ಣು.
ಖಾಲಿ ಹಣೆಯನ್ನು ಅದು ನೋಡಿಯೂ ನೋಡದು.

ಅಂಥ ಕಣ್ಣು ನನಗೆ ಹೊಸದಲ್ಲ.
ಶ್ರೀಕರ ಹೋದ ವರ್ಷ, ಚಿತ್ರದುರ್ಗದಲ್ಲಿ,
ನಾದಿನಿಯ ಮಗುವಿಗೆ ಹೆಸರಿಡುವ ದಿನ
ಕುಂಕುಮದ ತಟ್ಟೆ ನನ್ನ ಮುಂದೆ ಬಂದು, ನಿಂತು,
ಪಕ್ಕದವಳ ಕಡೆ ಹೊರಳಿತು.
ತಟ್ಟೆಗೇನು ಗೊತ್ತು.

ಎಫಿ ಹೇಳುತ್ತಿದ್ದಳು, ಆ ಕುರಿ ಬಲು ಜಗಳಗಂಟಿ.
ಲಾನಾರ್ಕ್ ಕಡೆಯ ದೊಡ್ಡಿಯಲ್ಲಿ
ನೋಡಲು ಹೋದವಳ ಸ್ಕಾರ್ಫನ್ನೇ ಮೆದ್ದಿತ್ತು.
ಹದಿಮೂರು ಅಮೈನೋ ಆಮ್ಲದ ತುಣುಕೊಂದನ್ನು
ಬೊಟ್ಟಿಟ್ಟೇ ಚುಚ್ಚಿದರು ನಾಲ್ಕು ಕುರಿಗಳಿಗೆ.
ಮೂರಕ್ಕೆ ತಲೆಗೆ ಹತ್ತಲಿಲ್ಲ. ಇದು ಕಲಿಯಿತು:
ಎಂದೂ ಬರದ ಶತ್ರುವಿನ ಮುಖವನ್ನು
ಮೈಯೆಲ್ಲ ಬಾಯಿಪಾಠ ಮಾಡಿ,
ಕತ್ತಿನ ನಾಳದಿಂದ ಅರ್ಧ ಲೀಟರು ಕೊಟ್ಟು
ಮತ್ತೆ ಹುಲ್ಲಿಗೆ ಬಾಯಿ ಹಾಕಿತು.
ಸತ್ತು ಹನ್ನೊಂದು ವರ್ಷ.
ಆಮೇಲೆ ಬಂದ ಕುರಿಗಳದ್ದೆಲ್ಲ
ಎಲ್ಲಕ್ಕೂ ಹೂಂಗುಟ್ಟುವ ರಕ್ತ; ಫಿಲ್ಮ್ ತುಂಬ ಮಸಿ.

ಟೆಸ್ಕೋದ ಹಾಲಿನ ಪುಡಿ ಕದಡಿ
ಪೊರೆಯನ್ನು ನೆನೆಹಾಕಿದೆ ಒಂದು ಗಂಟೆ.
ಸೀಸೆ ಬರಿದು ಮಾಡಿದೆ. ಜೊತೆಗೆ
ಬೊಟ್ಟಿಲ್ಲದ ತುಣುಕನ್ನೂ ಒಂದಿಷ್ಟು ಬೆರೆಸಬೇಕು, ಅದು ಕ್ರಮ.
ಖಾಲಿ ಹಣೆಗೂ ಒಲಿದುಬಿಡುವ
ಕೆಲವು ಕಣ್ಣುಗಳು ಇದರಲ್ಲೂ ಇರುತ್ತವೆ,
ಅವನ್ನು ಮೊದಲೇ ಹಿಡಿದು ಕೂರಿಸದಿದ್ದರೆ
ಲೆಕ್ಕ ಕೆಡುತ್ತದೆ.
ಎಷ್ಟೋ ವರ್ಷದಿಂದ ಬೆರೆಸಿದ್ದೇನೆ.
ಇವತ್ತು ಅಳೆಯುವಾಗ ಕೈ ಒಂದು ಗಳಿಗೆ ತಡೆಯಿತು.
ಬೆರೆಸಿದೆ.

ಕೆಂಪು ದೀಪದ ಕತ್ತಲಕೋಣೆ.
ಯಂತ್ರ ಫಿಲ್ಮನ್ನು ಒದ್ದೆ ನಾಲಗೆಯಂತೆ ಹೊರಚಾಚಿತು.
ಸಾಲಿನಲ್ಲಿ ಒಂದೊಂದೇ ಗೆರೆ, ತಿದ್ದಿದ ಹುಬ್ಬಿನಂತೆ:
ಐದನೇ ನಿಮಿಷಕ್ಕೆ ದಟ್ಟ,
ಅರ್ಧ ಗಂಟೆಗೆ ಮಾಸಲು,
ಸುದ್ದಿಯೇ ಬರದ ಕೋಶಗಳಲ್ಲಿ ಬರೀ ಬಯಲು.
ಮಸಿಯಿಲ್ಲ, ಒಂದು ಚುಕ್ಕೆ ಹೆಚ್ಚಿಲ್ಲ.

ನಿವೃತ್ತಳಾದ ಎಫಿಗೆ ಬ್ರೌಟಿ ಫೆರಿಗೆ ಫೋನು ಹಚ್ಚಿದೆ.
ಮುಗಿಯಿತು, ಅಂದೆ.
ಚೆನ್ನಾಗಿ ಬಂತಾ?
ಬಂತು.
ಆಚೆ ಕಡೆ ಕೆಟಲು ಕುದಿಯುವ ಸದ್ದು.
ಆಮೇಲೆ ಅಂದಳು:
ನನ್ನ ಆ ಸ್ಕಾರ್ಫು ಹಸಿರಿತ್ತು ಕಣೆ.
ಹುಲ್ಲು ಅಂದುಕೊಂಡಿರಬೇಕು, ಪಾಪ.