ನಕಾರ

ಫ್ರಿಜ್ಜು ಕೆಟ್ಟಿದೆಯೆಂದು ಕರೆದರೆ
ಪೋರ್ಟ್ ಅಡಿಲೇಡಿನ ಆ ಮುದುಕ, ನೆವಿಲ್ ಟ್ರಿಜೈಸ್,
ಮೊದಲು ಬಾಗಿಲಿಗೆ ಅಂಗೈ ಇಡುತ್ತಾನೆ,
ಜ್ವರ ನೋಡುವವನ ಹಾಗೆ.
ಆಮೇಲೆ ಮುಖ ಪಕ್ಕಕ್ಕೆ ತಿರುಗಿಸಿ, ಉಸಿರು ಕಟ್ಟಿ,
ತೆರೆಯುತ್ತಾನೆ.

ಒಳಗೆ ಇದ್ದದ್ದು ಅರ್ಧ ನಿಂಬೆಹಣ್ಣು, ನಿನ್ನೆಯ ಸಾರು.
ನಾಚಿಕೆಯಾಯಿತು ನನಗೆ. ಅಷ್ಟು ನಾರುತ್ತದೆಯೇ ನಮ್ಮ ಸಾರು?
ನಿಮ್ಮದಲ್ಲ, ಅಂದ. ಇದು ಹಳೆಯದು.

ಹದಿನೇಳರ ಹುಡುಗ. ನೌಕಾಪಡೆ ಸೇರಿ ಐದೇ ತಿಂಗಳು.
ಗಂಟು ಹಾಕಲು ಕಲಿತಿದ್ದ, ಹದಿನಾಲ್ಕು ಥರ;
ಬೂಟಿನ ಮೂತಿಯಲ್ಲಿ ತನ್ನ ಮೂತಿ ಕಾಣುವಂತೆ ಉಜ್ಜಲು,
ಕಣ್ಣು ಕಟ್ಟಿಕೊಂಡೇ ಬಂದೂಕು ಬಿಚ್ಚಿ ಜೋಡಿಸಲು.
ದೊಡ್ಡವರ ಯುದ್ಧವೆಲ್ಲ ಮುಗಿದುಹೋಗಿತ್ತು.
ಎಲೆ ಎತ್ತಿದ ಮೇಲೆ ಬಂದ ನೆಂಟನಂತೆ
ತಡವಾಗಿ ಹುಟ್ಟಿದೆನಲ್ಲಾ ಎಂದು ಒಳಗೊಳಗೇ ಮುನಿಸು.

ಎಪ್ಪತ್ನಾಲ್ಕರ ಕ್ರಿಸ್‌ಮಸ್. ಮೂಂಟಾ ಊರಿನ ಮನೆಯಲ್ಲಿ ರಜೆ.
ತಾಯಿ ಪುಡಿಂಗಿನೊಳಗೆ ಹುದುಗಿಸಿದ್ದ ಬೆಳ್ಳಿಕಾಸು
ಅವನ ಹಲ್ಲಿಗೇ ಸಿಕ್ಕಿತು. ಅದೃಷ್ಟ, ಅಂದರು ಎಲ್ಲರೂ.
ಸಂಜೆಯ ಹೊತ್ತಿಗೆ ರೇಡಿಯೊ:
ಡಾರ್ವಿನ್ ಇಲ್ಲ.
ಊರಿಗೆ ಊರೇ ಒಂದು ರಾತ್ರಿಯ ಗಾಳಿಗೆ.
ನಾವಿಕರೆಲ್ಲ ಹಿಂದಿರುಗಿ.

ಕಡಲ ಮೇಲೆ ವಾಂತಿ, ವಾಂತಿಯ ಮೇಲೆ ಕಡಲು.
ಆದರೂ ಎದೆಯಲ್ಲೊಂದು ಡೋಲು: ಕೊನೆಗೂ ಕರೆ ಬಂತಲ್ಲ!

ದಡದಲ್ಲಿ ಕೈಗೆ ಕೊಟ್ಟದ್ದು
ಸನಿಕೆ, ರಬ್ಬರ್ ಗವಸು,
ಮೂಗಿಗೆ ನೀಲಗಿರಿ ಎಣ್ಣೆಯಲ್ಲಿ ಅದ್ದಿದ ಬಟ್ಟೆ.
ಫ್ರಿಜ್ಜು ಖಾಲಿ ಮಾಡ್ರೋ, ಅಂದ ಪೆಟ್ಟಿ ಆಫೀಸರ್ ಬಾರ್ಟ್ರಂ.
ಅಷ್ಟೇನಾ ಸಾರ್?
ಅಷ್ಟೇ. ನಾಲ್ಕು ಬೀದಿ.

ಬಡಾವಣೆಯ ಹೆಸರು ನಕಾರ.
ಅಲ್ಲಿನ ಮೂಲಜನರ ಒಂದು ಕುಲದ ಹೆಸರಂತೆ.
ನನ್ನ ಕನ್ನಡದ ಕಿವಿಗೆ ಬೇರೆಯೇ ಕೇಳಿಸಿತು:
ಸೂರಿಲ್ಲ, ಗೋಡೆಯಿಲ್ಲ, ಮರಕ್ಕೆ ಎಲೆಯಿಲ್ಲ.
ಕಂಬಗಳ ಮೇಲೆ ಬರಿ ನೆಲ, ನಾಟಕ ಮುಗಿದ ರಂಗದಂತೆ,
ಅದರ ಮೂಲೆಯಲ್ಲಿ, ಹೇಗೋ, ನಿಂತೇ ಇದ್ದ ಫ್ರಿಜ್ಜು.

ಒಳಗೆ ಹಬ್ಬ.
ಹತ್ತು ದಿನ ಕರೆಂಟಿಲ್ಲದ ಹಬ್ಬ.
ಹಂದಿಯ ತೊಡೆ ತಾನಾಗಿ ಅಲುಗುತ್ತಿತ್ತು, ಹುಳುಗಳಿಂದ.
ಸೀಗಡಿ ಕರಗಿ ನೀರಾಗಿತ್ತು.
ಹಾಲಿನ ಬಾಟಲಿ; ನಿಪ್ಪಲ್ಲಿನ ಮೇಲೆ ಎರಡು ಎಳೆಹಲ್ಲಿನ ಗುರುತು.
ಬಾಗಿಲಿಗೆ ಅಂಟಿಸಿದ ಚೀಟಿ:
ಕಸ್ಟರ್ಡ್ ಮುಟ್ಟಬೇಡ, ಡೆನ್ನಿಸ್. ನಾಳೆಗೆ.

ಮೂವತ್ತೊಂದರವರೆಗೆ ಎಣಿಸಿದ್ದ.
ಆಮೇಲೆ ಎಣಿಕೆ ಬಿಟ್ಟ, ಊಟ ಬಿಟ್ಟ,
ತಮಾಷೆ ಬಿಡಲಿಲ್ಲ; ಅದಿಲ್ಲದೆ ಆಗುತ್ತಿರಲಿಲ್ಲ, ಅನ್ನುತ್ತಾನೆ.
ತಾಯಿಗೆ ಬರೆದ: ಇಲ್ಲಿ ಸೆಖೆ. ಕಾಸು ಜೋಪಾನವಾಗಿದೆ.

ಮೂರನೇ ಬೀದಿಯಲ್ಲಿ ಒಬ್ಬಾತ
ಫ್ರಿಜ್ಜಿಗೆ ಬೆನ್ನು ಕೊಟ್ಟು ಕೂತಿದ್ದ. ಗಡ್ಡ, ಬನಿಯನ್ನು, ಒಂದೇ ಕಾಲಿಗೆ ಚಪ್ಪಲಿ.
ಬೇಡ, ಅಂದ.
ಸಾರ್, ರೋಗ ಬರುತ್ತದೆ.
ಬೇಡ. ಅವಳೇ ಜೋಡಿಸಿಟ್ಟದ್ದು.

ಗಂಟು ಹದಿನಾಲ್ಕೂ ಗೊತ್ತು. ಇದಕ್ಕೆ ಯಾವುದು?
ಬಾರ್ಟ್ರಂ ಸನಿಕೆ ಇಳಿಸಿ ಪಕ್ಕದಲ್ಲಿ ಕೂತ.
ಎರಡು ಸಿಗರೇಟು ಹಚ್ಚಿದ.
ಹುಡುಗನೂ ಕೂತ, ಆ ನಾತದಲ್ಲಿ,
ಹೊತ್ತು ಇಳಿಯುವವರೆಗೆ.
ಕೊನೆಗೆ ಆತನೇ ಎದ್ದು ಬಾಗಿಲು ತೆರೆದು ಒಂದೊಂದಾಗಿ ಕೊಟ್ಟ,
ಬಡಿಸುವವನ ಹಾಗೆ.
ಇವನು ಎರಡೂ ಕೈಯೊಡ್ಡಿ ಇಸಿದುಕೊಂಡ.

ಡೆನ್ನಿಸ್ ಬದುಕಿದ್ದನೇ? ನಾನು ಕೇಳಿದೆ.
ಸ್ಕ್ರೂಡ್ರೈವರು ಹಲ್ಲಲ್ಲಿ ಕಚ್ಚಿಕೊಂಡೇ ಭುಜ ಕುಣಿಸಿದ.

ಮರಳಿದಾಗ ಕೇಳಿದರಂತೆ, ಯಾವ ವಿಭಾಗ, ತೋಪೋ?
ತಂಪು, ಅಂದ.
ನಕ್ಕರು. ಬರೆದುಕೊಂಡರು.
ಇಪ್ಪತ್ತು ವರ್ಷ ಹಡಗಿನ ಹೊಟ್ಟೆಯಲ್ಲಿ
ಮಾಂಸ ಹಳಸದಂತೆ, ಹಾಲು ಒಡೆಯದಂತೆ ಕಾದ.
ಶತ್ರುಗಳು ಯಾರೂ ಎದುರಾಗಲಿಲ್ಲ,
ಬಿಸಿಲೊಂದು ಬಿಟ್ಟು.

ಗ್ಯಾಸು ತುಂಬಿಸಿ, ಬಾಗಿಲು ಮುಚ್ಚಿ, ಕಿವಿಗೊಟ್ಟ.
ಗುಂಯ್ ಅಂದಿತು.
ಹಣ ಎಣಿಸಿಕೊಂಡ, ರಸೀದಿ ಹರಿದ.
ಆ ಸಾರು ಇವತ್ತೇ ಉಣ್ಣಿ, ಅಂದ,
ನಾಳೆಗೆ ಇಡಬೇಡಿ.