ಮೂರಕ್ಷರದ ಪೀಪಾಯಿ

ದಾವಣಗೆರೆ ಮಿಲ್ಲಿನ ಉಗ್ರಾಣದಲ್ಲಿ
ಇಂಗ್ಲಿಷ್ ಬಲ್ಲವನು ನಾನೊಬ್ಬನೇ.
ಜರ್ಮನಿಯಿಂದ ಬಂದ ಪೀಪಾಯಿಯ ಹೊಟ್ಟೆ ಮೇಲೆ
ಆರ್, ಓ, ಟೀ.
ರಾಟ್. ಕೊಳೆತದ್ದು.
ಡಿಕ್ಷನರಿ ಕೂಡ ತೆಗೆಯದೆ ‘ಚೆಲ್ಲಿ’ ಅಂದೆ.

ಸಂಜೆಗೆ ಚರಂಡಿ ಕೆಂಪಾಗಿ ಹರಿದು
ಪಿ.ಬಿ. ರೋಡಿನ ಎಮ್ಮೆಗಳು
ಮದುವೆಗೆ ಹೊರಟ ಹಾಗೆ ಕಾಲಿಗೆ ಬಣ್ಣ ಹಚ್ಚಿಕೊಂಡು ಬಂದವು.

ಬಣ್ಣದ ಮನೆಯ ದಾದಾಪೀರ್ ಓಡಿಬಂದು ಬೆರಳದ್ದಿ ನೋಡಿದ.
‘ರೋಟ್ ಅಂದ್ರೆ ಅವರಲ್ಲಿ ಕೆಂಪು, ಸ್ವಾಮಿ.
ಆರು ತಿಂಗಳ ಸೀರೆ ಹೋತು.’
ಓದು ಬಾರದವನು;
ಮಷಿನ್ ಕೂರಿಸಲು ಬಂದಿದ್ದ ಜರ್ಮನಿಯವನಿಗೆ
ಚಹಾ ಕೊಟ್ಟು ಕೊಟ್ಟು ಕಲಿತಿದ್ದನಂತೆ.

ಸಂಬಳ ಮುರಿದ ತಿಂಗಳು ಹಟಕ್ಕೆ ಬಿದ್ದು ಹುಡುಕಿದೆ:
ಸ್ವೀಡನ್ನಿನಲ್ಲಿ ಅದೇ ಮೂರಕ್ಷರ
ಬೇರು.
ಅಲ್ಲಿ ಕೊಳೆತು, ಇಲ್ಲಿ ಕೆಂಪೇರಿ,
ಮತ್ತೆಲ್ಲೋ ಮಣ್ಣು ಕಚ್ಚಿ ಕೂತಿದೆ.

ಗೇಟಿನಾಚೆ ಬೀಡಿ ಹಚ್ಚುತ್ತಾ ದಾದಾಪೀರ್ ನಕ್ಕ:
‘ನಮ್ ಹತ್ತಿ ಏನ್ ಕಮ್ಮೀನ್ರಿ?
ಏಣಿ ಹತ್ತಿ ಹತ್ತಿ ಇಳಿಸ್ತೀವಿ,
ಕಿಡಿ ಬಿತ್ತೋ, ಹತ್ತಿ ಹತ್ತಿ ಉರೀತೈತಿ.’

ಮಿಲ್ಲು ಮುಚ್ಚಿ ಎಷ್ಟೋ ವರ್ಷ.
ಚರಂಡಿ ಕಲ್ಲಿನ ಮೇಲೆ
ಯಾವ ಮಳೆಗೂ ಹೋಗದ ಒಂದು ಕೆಂಪು ಗೆರೆ:
ಅದು ನನ್ನ ಇಂಗ್ಲಿಷು.